ತಕರಾರಿಗೆ ಎಡೆಗೊಡದ ಮಣೆ: ಸ್ಪರ್ಧಾ ಬ್ಯಾಕ್‌ಗ್ಯಾಮನ್ ಸೆಟ್ ಒಂದರ ವಿಮರ್ಶೆ

ಬ್ಯಾಕ್‌ಗ್ಯಾಮನ್ ಎಂದರೆ ದಾಳ ಉರುಳಿಸಿ ಕಾಯಿ ನಡೆಸುವ ಇಬ್ಬರ ಮಣೆಯಾಟ. ಅದರ ಸ್ಪರ್ಧಾಮಟ್ಟದ ಸೆಟ್ ಕೊಳ್ಳಲು ಹೊರಟವರು ಮಣೆಯ ಹೊದಿಕೆ ಚರ್ಮದ್ದೇ, ಕಾಯಿಗಳ ಬಣ್ಣ ಹೇಗಿದೆ, ಪೆಟ್ಟಿಗೆ ಹೊರಲು ಭಾರವೇ ಎಂದು ಮೊದಲು ವಿಚಾರಿಸುತ್ತಾರೆ. ಅವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಪಂದ್ಯ ಆಡುವವರಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ: ಬಿದ್ದ ಗರ ಯಾವುದು, ನಡೆಸಿದ ಕಾಯಿ ಯಾವುದು, ಒಬ್ಬರ ಸರದಿ ಮುಗಿದು ಇನ್ನೊಬ್ಬರದು ಯಾವಾಗ ಶುರುವಾಯಿತು ಎಂಬುದು ಎದುರುಬದುರು ಕೂತ ಇಬ್ಬರಿಗೂ ಒಂದೇ ರೀತಿ ಕಾಣುವಂತೆ ಈ ಸಾಮಗ್ರಿ ನೋಡಿಕೊಳ್ಳುತ್ತದೆಯೇ? ಬೇಕೆಂದೇ ಮೋಸ ಮಾಡುವವರನ್ನು ನಾನು ಕಂಡದ್ದು ತೀರ ವಿರಳ. ಇಬ್ಬರೂ ಪ್ರಾಮಾಣಿಕರಾಗಿದ್ದು, ನಡೆದದ್ದನ್ನು ಇಬ್ಬರೂ ಬೇರೆಬೇರೆಯಾಗಿ ಕಂಡದ್ದರಿಂದ ಹುಟ್ಟಿದ ಜಗಳಗಳನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ. ಹೀಗಾಗಿ, ಪೂರ್ಣ ಸ್ಪರ್ಧಾ ಸೆಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಸಾಮಗ್ರಿಯನ್ನು ನ್ಯಾಯವಾಗಿ ಆಡಲು ಅದು ಎಷ್ಟು ನೆರವಾಗುತ್ತದೆ ಎಂಬ ಒಂದೇ ಅಳತೆಗೋಲಿನಿಂದ ಅಳೆಯಲು ಹೊರಟಿದ್ದೇನೆ.

ಪೆಟ್ಟಿಗೆಯಲ್ಲಿ ಬರುವುದು ಇಷ್ಟು: ಮಡಚುವ ಮಣೆ, ಎರಡು ಬಣ್ಣಗಳಲ್ಲಿ ಹದಿನೈದು ಹದಿನೈದರಂತೆ 30 ಕಾಯಿಗಳು, ಎರಡು ಜೊತೆ ನಿಖರ ದಾಳಗಳು, ಒಳಬಾಯಿಗೆ ಏಣು ಇರುವ ಎರಡು ಕಪ್‌ಗಳು, ಪಣವನ್ನು ಇಮ್ಮಡಿಗೊಳಿಸಲು ಬಳಸುವ ಒಂದು ಡಬ್ಲಿಂಗ್ ಕ್ಯೂಬ್, ದಾಳಗಳನ್ನು ಮೇಲಿನಿಂದ ಬಿಟ್ಟು ಉರುಳಿಸುವ ಪಾರದರ್ಶಕವಾದ ಒಂದು ಬ್ಯಾಫಲ್ ಬಾಕ್ಸ್, ಒಂದು ಡಿಜಿಟಲ್ ಗಡಿಯಾರ ಮತ್ತು ತೆಳುವಾದ ನಿಯಮ ಪುಸ್ತಿಕೆ. ಇದನ್ನು ಅಭ್ಯಾಸದ ಪಂದ್ಯಗಳಲ್ಲೂ ಗಡಿಯಾರ ಇಟ್ಟು ಆಡುವ ಗಂಭೀರ ಪಂದ್ಯಗಳಲ್ಲೂ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಮಣೆಯ ವಿಚಾರ. ಬಿಚ್ಚಿದಾಗ ಅದರ ಅಗಲ ಸುಮಾರು 53 ಸೆಂಟಿಮೀಟರ್. ಸ್ಪರ್ಧೆಗಳಲ್ಲಿ ಬಳಕೆಯಲ್ಲಿರುವ ಗಾತ್ರಕ್ಕೆ ಇದು ಸರಿಯಾಗಿದೆ. ಆದರೆ ಗಾತ್ರಕ್ಕಿಂತ ಮುಖ್ಯವಾದದ್ದು ಕಾಯಿಗೂ ಮನೆಗೂ ಇರಬೇಕಾದ ಹೊಂದಾಣಿಕೆ. ಮಣೆಯ ಒಂದು ಕಾಲುಭಾಗದಲ್ಲಿ ಆರು ಮನೆಗಳಿರುತ್ತವೆ. ಅಲ್ಲಿ ಆರು ಕಾಯಿಗಳನ್ನು ಪಕ್ಕಪಕ್ಕದಲ್ಲಿ ಸಾಲಾಗಿ ಇಟ್ಟರೆ, ಬೆರಳಿನಿಂದ ಸರಿಸುವಷ್ಟು ಸಡಿಲವಿದ್ದು ಅದಕ್ಕಿಂತ ಹೆಚ್ಚು ಜಾಗ ಉಳಿಯಬಾರದು. ಜಾಗ ಹೆಚ್ಚಾದರೆ ಕಾಯಿ ಎರಡು ಮನೆಗಳ ನಡುವೆ ನಿಲ್ಲುತ್ತದೆ. ಅದು 8ನೇ ಮನೆಯಲ್ಲಿದೆಯೋ 9ನೇ ಮನೆಯಲ್ಲಿದೆಯೋ ಎಂಬ ಪ್ರಶ್ನೆ ಎರಡು ಸರದಿ ಕಳೆದ ಮೇಲೆ ಎದ್ದರೆ ಉತ್ತರಿಸಲು ಯಾರಿಗೂ ಸಾಧ್ಯವಿಲ್ಲ. ಈ ಸೆಟ್ಟಿನಲ್ಲಿ ಆ ಹೊಂದಾಣಿಕೆ ಚೆನ್ನಾಗಿದೆ. ಒಂದು ಮನೆಯಲ್ಲಿ ಐದು ಕಾಯಿಗಳನ್ನು ಉದ್ದಕ್ಕೆ ಜೋಡಿಸಿದರೂ ಮಣೆಯ ನಡುಭಾಗ ಖಾಲಿ ಉಳಿಯುತ್ತದೆ. ದಾಳ ಉರುಳಿ ನಿಲ್ಲಲು ಆ ಖಾಲಿ ಜಾಗ ಬೇಕೇಬೇಕು.

ಹೊದಿಕೆಯ ಮೇಲೆ ಕಾಯಿಗಳು ಸಲೀಸಾಗಿ ಜಾರುತ್ತವೆ. ಇದು ಬರೀ ಸುಖದ ಮಾತಲ್ಲ. ಸ್ಪರ್ಧೆಯ ಶಿಸ್ತಿನ ಪ್ರಕಾರ ಕಾಯಿಗಳನ್ನು ಒಂದೇ ಕೈಯಿಂದ ನಡೆಸಬೇಕು; ಎರಡೂ ಕೈಗಳು ಮಣೆಯ ಮೇಲೆ ಬಂದರೆ ಯಾವ ಕಾಯಿ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತೆಂದು ಎದುರಾಳಿಗೆ ಹಿಂಬಾಲಿಸಲಾಗುವುದಿಲ್ಲ. ಒರಟು ಬಟ್ಟೆಯ ಮಣೆಗಳಲ್ಲಿ ಕಾಯಿಯನ್ನು ಎತ್ತಿಯೇ ಇಡಬೇಕಾಗುವುದರಿಂದ ಜನ ತಾವಾಗಿಯೇ ಎರಡೂ ಕೈ ಹಾಕುತ್ತಾರೆ. ಇಲ್ಲಿ ಎರಡು ಬೆರಳಿನಿಂದ ಎರಡು ಕಾಯಿಗಳನ್ನು ಒಟ್ಟಿಗೆ ಸರಿಸಬಹುದು, ಮತ್ತು ಅವು ಹೋದ ದಾರಿ ಎದುರಾಳಿಯ ಕಣ್ಣಿಗೆ ಬೀಳುತ್ತದೆ.

ನಾಲ್ಕು-ನಾಲ್ಕು ಬಿದ್ದಾಗ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಈ ಮಾತಿನ ತೂಕ ಅರ್ಥವಾಗುತ್ತದೆ. ಜೋಡಿ ಬಿದ್ದರೆ ನಾಲ್ಕು ನಡೆ. ಆಟಗಾರರು ಒಂದು ಬಗೆಯಲ್ಲಿ ಕಾಯಿಗಳನ್ನು ಇಟ್ಟು ನೋಡುತ್ತಾರೆ, ಮನಸ್ಸಿಗೆ ಬರದೆ ಹಿಂದಕ್ಕೆ ತೆಗೆಯುತ್ತಾರೆ, ಇನ್ನೊಂದು ಬಗೆಯಲ್ಲಿ ಇಡುತ್ತಾರೆ. ಸರದಿ ಮುಗಿಯುವ ತನಕ ಹೀಗೆ ಬದಲಾಯಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ಮೂರನೆಯ ಸಲ ಬದಲಾಯಿಸುವಾಗ ಕಾಯಿಗಳು ಮೊದಲು ಇದ್ದ ಜಾಗ ಆಡುವವರಿಗೇ ಮರೆತಿರುತ್ತದೆ, 13ನೇ ಮನೆಯಿಂದ ಹೊರಟ ಕಾಯಿ ಹಿಂದೆ ಬರುವಾಗ ಪಕ್ಕದ 14ನೇ ಮನೆಗೆ ಬಂದು ಕೂತಿರುತ್ತದೆ. ಇದಕ್ಕೆ ಮಣೆ ಮಾಡಬಹುದಾದ ಸಹಾಯವೆಂದರೆ ಪಕ್ಕಪಕ್ಕದ ಮನೆಗಳ ಬಣ್ಣ ಸ್ಪಷ್ಟವಾಗಿ ಬೇರೆಯಾಗಿರುವುದು. ಈ ಸೆಟ್ಟಿನ ತಯಾರಕರು ಅಂದಕ್ಕೆಂದು ಎರಡು ಬೂದುಬಣ್ಣಗಳನ್ನು ಆರಿಸಿಕೊಂಡಿದ್ದಾರೆ. ಮಂದ ಬೆಳಕಿನಲ್ಲಿ ಅವೆರಡೂ ಒಂದೇ ಆಗಿ ಕಾಣುತ್ತವೆ. ಮಣೆಯ ಬಗ್ಗೆ ನನ್ನ ದೊಡ್ಡ ಆಕ್ಷೇಪಣೆ ಇದೊಂದೇ, ಆದರೆ ಅದನ್ನು ಸಣ್ಣದೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಎದುರಾಳಿ ಹೀಗೆ ಕಾಯಿಗಳನ್ನು ಆಚೀಚೆ ಮಾಡುವಾಗ, ದಯವಿಟ್ಟು ಮೊದಲಿನ ಸ್ಥಾನಕ್ಕೆ ತಂದು ತೋರಿಸಿ ಎಂದು ಕೇಳುವುದು ಅವಮರ್ಯಾದೆಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ನಡೆಯನ್ನು ಮನಸ್ಸಿನಲ್ಲಿ ತೀರ್ಮಾನಿಸಿ ಒಮ್ಮೆಗೇ ನಡೆಸುವವರ ಎದುರು ಆಡುವುದು ಎಷ್ಟು ನೆಮ್ಮದಿ ಎಂಬುದು ಆಡಿದವರಿಗೆ ಗೊತ್ತು.

ದಾಳಗಳಿಗೆ ನನ್ನ ಪೂರ್ಣ ಅಂಕ. ಸಾಮಾನ್ಯ ಆಟಿಕೆಯ ದಾಳಗಳಲ್ಲಿ ಚುಕ್ಕಿಗಳನ್ನು ಕೊರೆದು ಹಾಗೆಯೇ ಬಿಟ್ಟಿರುತ್ತಾರೆ. ಆರು ಗುಳಿಗಳಿರುವ ಮುಖದಲ್ಲಿ ಒಂದೇ ಗುಳಿಯಿರುವ ಎದುರು ಮುಖಕ್ಕಿಂತ ಕೊಂಚ ಕಡಿಮೆ ತೂಕ ಉಳಿಯುವುದರಿಂದ ದಾಳದ ಸಮತೋಲ ಸ್ವಲ್ಪವಾದರೂ ತಪ್ಪುತ್ತದೆ. ನಿಖರ ದಾಳಗಳಲ್ಲಿ ಕೊರೆದ ಗುಳಿಯನ್ನು ದಾಳದಷ್ಟೇ ಸಾಂದ್ರತೆಯ ವಸ್ತುವಿನಿಂದ ತುಂಬಿ ಮುಖವನ್ನು ಸಮತಟ್ಟು ಮಾಡಲಾಗುತ್ತದೆ. ಕ್ಯಾಸಿನೋ ದಾಳಗಳಂತೆ ಇವುಗಳ ಮೂಲೆ ಚೂಪಾಗಿರದೆ ದುಂಡಗಿರುವುದರಿಂದ ಮಣೆಯ ಹೊದಿಕೆಗೆ ಗಾಯವಾಗುವುದಿಲ್ಲ. ಒಂದು ಮುಖದಿಂದ ನೋಡಿದರೆ ಎದುರು ಮುಖ ಕಾಣುವಷ್ಟು ಪಾರದರ್ಶಕವಾಗಿರುವುದರಿಂದ ಒಳಗೆ ಏನನ್ನೂ ಅಡಗಿಸಿಲ್ಲ ಎಂಬ ಭರವಸೆಯೂ ಇದೆ.

ಇಷ್ಟಾದ ಮೇಲೂ ಎರಡು ಜೊತೆ ದಾಳಗಳನ್ನು ಇಬ್ಬರೂ ತಮ್ಮ ತಮ್ಮ ಪಾಲಿಗೆ ಶಾಶ್ವತವಾಗಿ ಇಟ್ಟುಕೊಳ್ಳಬಾರದು. ಆಟದ ಆರಂಭದಲ್ಲಿ ನಾಲ್ಕೂ ದಾಳಗಳನ್ನು ಒಂದೇ ಕಪ್ಪಿಗೆ ಹಾಕಿ ಕಲಸಿ, ಇಬ್ಬರೂ ಅದರಿಂದ ಎರಡೆರಡನ್ನು ಆರಿಸಿಕೊಳ್ಳುವ ಪದ್ಧತಿ ಸ್ಪರ್ಧೆಗಳಲ್ಲಿದೆ, ಮತ್ತು ಹಾಗೆ ಕಲಸಬೇಕೆಂದು ಕೇಳಲು ಇಬ್ಬರಿಗೂ ಹಕ್ಕಿದೆ. ಇದು ಸಾಧ್ಯವಾಗಬೇಕಾದರೆ ನಾಲ್ಕೂ ದಾಳಗಳು ಒಂದೇ ಬಣ್ಣದವಾಗಿರಬೇಕು. ಅನೇಕ ಸೆಟ್‌ಗಳಲ್ಲಿ ಕಾಯಿಗಳ ಬಣ್ಣಕ್ಕೆ ಹೊಂದುವಂತೆ ಎರಡು ಬಣ್ಣದ ದಾಳಗಳನ್ನು ಕೊಡುತ್ತಾರೆ. ನೋಡಲು ಸೊಗಸು, ಆದರೆ ಕಲಸುವುದಕ್ಕೆ ಅರ್ಥವಿಲ್ಲದಂತಾಗುತ್ತದೆ. ಇಲ್ಲಿ ನಾಲ್ಕೂ ಒಂದೇ ಬಣ್ಣದಲ್ಲಿವೆ. ಇಷ್ಟು ಯೋಚಿಸಿದ ತಯಾರಕರು ಬೂದುಬಣ್ಣದ ಮನೆಗಳ ವಿಷಯದಲ್ಲಿ ಏಕೆ ಯೋಚಿಸಲಿಲ್ಲವೋ ತಿಳಿಯದು.

ಕಪ್‌ಗಳ ಒಳಬಾಯಿಯ ಸುತ್ತ ಒಂದು ಏಣು ಇದೆ. ದಾಳ ಹೊರಬೀಳುವಾಗ ಆ ಏಣಿಗೆ ತಗುಲಿ ತಿರುಗಿ ಬೀಳುತ್ತದೆ. ಕಪ್ಪಿನೊಳಗೆ ದಾಳವನ್ನು ಒಂದು ಭಂಗಿಯಲ್ಲಿ ನಿಲ್ಲಿಸಿ ಮೆಲ್ಲಗೆ ಜಾರಿಸುವ ಕೈಚಳಕಕ್ಕೆ ಇದರಿಂದ ತಡೆ ಬೀಳುತ್ತದೆ. ಕಪ್ಪನ್ನು ಚೆನ್ನಾಗಿ ಅಲುಗಾಡಿಸಿ, ಎರಡೂ ದಾಳಗಳನ್ನು ಒಟ್ಟಿಗೆ, ತನ್ನ ಬಲಭಾಗದ ಅಂಕಣಕ್ಕೆ ಉರುಳಿಸುವುದು ಕ್ರಮ. ದಾಳ ಕಾಯಿಯ ಮೇಲೆ ಹತ್ತಿ ನಿಂತರೆ, ಅಂಚಿಗೆ ಒರಗಿ ಓರೆಯಾದರೆ, ಮಣೆಯನ್ನು ಎರಡು ಭಾಗ ಮಾಡುವ ನಡುಪಟ್ಟಿ ದಾಟಿ ಆಚೆ ಹೋದರೆ ಅಥವಾ ಮಣೆಯಿಂದ ಹೊರಬಿದ್ದರೆ ಎರಡನ್ನೂ ಮತ್ತೆ ಹಾಕಬೇಕು. ಓರೆ ದಾಳ ಎಂಬ ಒಂದೇ ವಿಷಯದ ಮೇಲೆ ಎಷ್ಟು ಕಾಲಹರಣವಾಗುತ್ತದೆ ಎಂಬುದನ್ನು ಪಂದ್ಯ ನೋಡಿದವರೇ ಬಲ್ಲರು. ಈ ಮಣೆಯ ಒಳಗೋಡೆಗಳು ನೆಟ್ಟಗಿವೆ, ಮೂಲೆಯಲ್ಲಿ ಹೊದಿಕೆ ಉಬ್ಬಿಲ್ಲ. ದಾಳ ಗೋಡೆಗೆ ಬಡಿದು ಹಿಂದೆ ಬಂದು ಸಪಾಟಾಗಿ ನಿಲ್ಲುತ್ತದೆ. ಓರೆ ಬೀಳುವುದು ಕಡಿಮೆಯಾದಷ್ಟೂ, ಅದು ಓರೆಯೋ ಅಲ್ಲವೋ ಎಂದು ಚರ್ಚಿಸುವ ಪ್ರಸಂಗ ಕಡಿಮೆಯಾಗುತ್ತದೆ.

ಕಪ್ ಬಳಸಿ, ಗಡಿಯಾರವಿಲ್ಲದೆ ಆಡುವಾಗ ಸರದಿ ಮುಗಿಯುವುದು ಆಟಗಾರ ತನ್ನ ದಾಳಗಳನ್ನು ಎತ್ತಿಕೊಂಡಾಗ. ಎತ್ತುವುದೆಂದರೆ ನಾನು ಮುಗಿಸಿದೆ, ಈ ನಡೆಗೆ ನಾನು ಬದ್ಧ ಎಂಬ ಘೋಷಣೆ. ಈ ಒಂದು ಕ್ರಿಯೆಯ ಸುತ್ತ ಎಲ್ಲ ಶಿಷ್ಟಾಚಾರವೂ ನಿಂತಿದೆ. ನಡೆಸುವ ಮುಂಚೆಯೇ ಒಂದು ದಾಳವನ್ನು ಕೈಗೆ ತೆಗೆದುಕೊಳ್ಳುವುದು, ಬೆರಳನ್ನು ದಾಳದ ಮೇಲೆ ಆಡಿಸುತ್ತ ಯೋಚಿಸುವುದು, ಎದುರಾಳಿ ಎತ್ತುವ ಮೊದಲೇ ತಾನು ದಾಳ ಉರುಳಿಸಿಬಿಡುವುದು, ಇವೆಲ್ಲ ಅಭ್ಯಾಸಬಲದಿಂದ ಬರುವ ತಪ್ಪುಗಳು. ಪರಿಣಾಮ ಮಾತ್ರ ಗಂಭೀರ. ಮುಂಚಿತವಾಗಿ ಉರುಳಿಸಿದರೆ ಎದುರಾಳಿಗೆ ಇನ್ನೂ ಮುಗಿಯದ ತನ್ನ ನಡೆಯನ್ನು ಆ ಗರ ನೋಡಿಯೇ ಬದಲಾಯಿಸುವ ಅವಕಾಶ ಸಿಕ್ಕಂತಾಗುತ್ತದೆ. ತನ್ನ ಒಂಟಿ ಕಾಯಿಗೆ ಆರು ಮನೆಗಳ ಅಂತರದಲ್ಲಿ ಎದುರಾಳಿಯ ಕಾಯಿ ಇದ್ದರೆ, ದಾರಿಯಲ್ಲಿ ತಡೆಯಿಲ್ಲದಿದ್ದಾಗ, 36 ಗರಗಳಲ್ಲಿ 17 ಗರಗಳು ಅದನ್ನು ಹೊಡೆಯುತ್ತವೆ. ಆ ಕಾಯಿಯನ್ನು ಅಲ್ಲಿ ಬಿಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಆ ಹದಿನೇಳರ ಭಯದಲ್ಲಿ ತೆಗೆದುಕೊಳ್ಳಬೇಕು. ಬಿದ್ದ ಗರವನ್ನು ಕಂಡ ಮೇಲೆ ತೆಗೆದುಕೊಂಡರೆ ಅಲ್ಲಿಗೆ ಆಟದ ತಿರುಳೇ ಹೋಯಿತು.

ಬ್ಯಾಫಲ್ ಬಾಕ್ಸ್ ಈ ಸೆಟ್ಟಿನ ಅತ್ಯುತ್ತಮ ಅಂಗ. ಮೇಲಿನಿಂದ ದಾಳಗಳನ್ನು ಬಿಟ್ಟರೆ ಒಳಗಿನ ಓರೆ ಹಲಗೆಗಳಿಗೆ ಬಡಿಯುತ್ತ, ತಿರುಗುತ್ತ, ಕೆಳಗಿನ ಬಾಯಿಯಿಂದ ಮಣೆಗೆ ಉರುಳುತ್ತವೆ. ಕೈಗೂ ಗರಕ್ಕೂ ಇರುವ ನಂಟನ್ನು ಅದು ಕತ್ತರಿಸಿಬಿಡುತ್ತದೆ. ಹೀಗಾಗಿ ಎದುರಾಳಿ ಕಪ್ಪನ್ನು ಸರಿಯಾಗಿ ಅಲುಗಾಡಿಸಿದರೇ ಎಂಬ ಪ್ರಶ್ನೆಯೇ ಬರುವುದಿಲ್ಲ. ಹಾಗೆ ಪ್ರಶ್ನೆ ಕೇಳಬೇಕಾದ ಮುಜುಗರದಿಂದ ಪಾರಾಗುವುದೂ ಒಂದು ದೊಡ್ಡ ಲಾಭವೇ. ಇಬ್ಬರೂ ಒಂದೇ ಜೊತೆ ದಾಳಗಳನ್ನು ಹಂಚಿಕೊಳ್ಳುವುದರಿಂದ ಕಲಸುವ ಕೆಲಸವೂ ಉಳಿಯುತ್ತದೆ. ಕೈಗೆ ಪೆಟ್ಟಾದವರು, ನಡುಕವಿರುವವರು, ಕಪ್ ಹಿಡಿಯಲು ಕಷ್ಟಪಡುವವರು ಎಲ್ಲರ ಸಮಕ್ಕೆ ಕೂತು ಆಡಬಹುದು. ಗೋಡೆಗಳು ಪಾರದರ್ಶಕವಾಗಿರುವುದರಿಂದ ದಾಳ ಒಳಗೆ ಸಿಕ್ಕಿಕೊಂಡರೆ ಕಾಣುತ್ತದೆ. ಶಬ್ದ ಮಾತ್ರ ಜೋರು. ಪಕ್ಕದ ಮೇಜಿನವರಿಗೆ ತೊಂದರೆಯಾಗದಂತೆ ಒಳಹಲಗೆಗಳಿಗೆ ತೆಳುವಾದ ಬಟ್ಟೆ ಅಂಟಿಸಿದ್ದರೆ ಒಳ್ಳೆಯದಿತ್ತು. ಬಾಕ್ಸ್ ಇಟ್ಟು ಆಡುವಾಗ ದಾಳ ಮಣೆಯ ಯಾವ ಭಾಗದಲ್ಲಿ ನಿಂತರೆ ಸಿಂಧು ಎಂಬುದನ್ನು ಮೊದಲ ಗರಕ್ಕೆ ಮುಂಚೆಯೇ ಇಬ್ಬರೂ ಒಪ್ಪಿಕೊಂಡಿರಬೇಕು. ಪುಸ್ತಿಕೆ ಈ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ.

ಗಡಿಯಾರದ ಮಟ್ಟಿಗೆ ನನ್ನ ಮೆಚ್ಚುಗೆ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಕ್‌ಗ್ಯಾಮನ್ ಪಂದ್ಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪದ್ಧತಿ ಹೀಗಿದೆ: ಪ್ರತಿ ನಡೆಗೆ 12 ಸೆಕೆಂಡುಗಳ ವಿಳಂಬ, ಅದು ಮುಗಿದ ಮೇಲೆ ಮಾತ್ರ ಆಟಗಾರನ ಮೀಸಲು ಸಮಯ ಕರಗತೊಡಗುತ್ತದೆ, ಮೀಸಲು ಸಮಯ ಪಂದ್ಯ ಗೆಲ್ಲಲು ಬೇಕಾದ ಪ್ರತಿ ಪಾಯಿಂಟಿಗೆ ಎರಡು ನಿಮಿಷದಂತೆ, ಅಂದರೆ 7 ಪಾಯಿಂಟಿನ ಪಂದ್ಯಕ್ಕೆ 14 ನಿಮಿಷ, 11 ಪಾಯಿಂಟಿನದಕ್ಕೆ 22 ನಿಮಿಷ. ಬೇಗ ಆಡಿದರೆ ಉಳಿದ ಸೆಕೆಂಡುಗಳು ಮುಂದಿನ ನಡೆಗೆ ಕೂಡಿಕೊಳ್ಳುವುದಿಲ್ಲ. ಈ ಲೆಕ್ಕವನ್ನು ಗಡಿಯಾರ ತಪ್ಪಿಲ್ಲದೆ ಮಾಡುತ್ತದೆ, ಪಂದ್ಯದ ಉದ್ದ ಕೊಟ್ಟರೆ ಸಮಯವನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಅಂಕಿಗಳು ಮೇಜಿನ ಎರಡೂ ಬದಿಗೆ ದೊಡ್ಡದಾಗಿ ಕಾಣುತ್ತವೆ.

ಗಡಿಯಾರ ಬಂದೊಡನೆ ಸರದಿಯ ಅಂಚು ಬದಲಾಗುತ್ತದೆ. ದಾಳಗಳನ್ನು ಎತ್ತದೆ ಮಣೆಯ ಮೇಲೆಯೇ ಬಿಟ್ಟು ಗುಂಡಿ ಒತ್ತಿದಾಗ ನಡೆ ಮುಗಿಯುತ್ತದೆ. ಎದುರಾಳಿ ಅದೇ ದಾಳಗಳನ್ನು ಎತ್ತಿಕೊಂಡು ಬಾಕ್ಸಿಗೆ ಹಾಕುತ್ತಾರೆ. ದಾಳ ಮಣೆಯ ಮೇಲೆಯೇ ಉಳಿಯುವುದರಿಂದ, ಬಿದ್ದದ್ದು 6-4 ಇರುವಾಗ ನಡೆಸಿದ್ದು 6-3 ಆಗಿದ್ದರೆ ಎದುರಾಳಿಗೆ ಕಣ್ಣಮುಂದೆಯೇ ಸಾಕ್ಷಿ ಇರುತ್ತದೆ. ಪಂದ್ಯವನ್ನು ವಿಡಿಯೋದಲ್ಲಿ ಸೆರೆಹಿಡಿದು ಆಮೇಲೆ ಗ್ನೂ ಬ್ಯಾಕ್‌ಗ್ಯಾಮನ್ ಅಥವಾ ಎಕ್ಸ್‌ಟ್ರೀಮ್ ಗ್ಯಾಮನ್ ತಂತ್ರಾಂಶದಲ್ಲಿ ವಿಶ್ಲೇಷಿಸುವವರಿಗೂ ಇದು ವರದಾನ. ದಾಳವನ್ನು ಸರಕ್ಕನೆ ಎತ್ತಿಬಿಡುವವರ ಪಂದ್ಯಗಳಲ್ಲಿ ಎಷ್ಟೋ ಗರಗಳನ್ನು ನಡೆಯ ಆಧಾರದ ಮೇಲೆ ಊಹಿಸಬೇಕಾಗುತ್ತದೆ.

ಗುಂಡಿಯನ್ನು ಕಾಯಿ ನಡೆಸಿದ ಕೈಯಿಂದಲೇ ಒತ್ತಬೇಕು. ಇನ್ನೊಂದು ಕೈಯನ್ನು ಗುಂಡಿಯ ಮೇಲೆ ಸಿದ್ಧವಾಗಿ ಇಟ್ಟುಕೊಂಡು ಕಾಯಿ ಕೆಳಗಿಡುವ ಕ್ಷಣದಲ್ಲೇ ಒತ್ತುವುದು ಸಭ್ಯತೆಗೂ ನಿಯಮದ ಆಶಯಕ್ಕೂ ವಿರುದ್ಧ. ಈ ಗಡಿಯಾರದ ಗುಂಡಿಗಳು ಅಗಲವಾಗಿವೆ, ಮೃದುವಾಗಿ ಒತ್ತಿದರೂ ಕೆಲಸ ಮಾಡುತ್ತವೆ, ಆದ್ದರಿಂದ ಗುದ್ದುವ ಅಗತ್ಯವಿಲ್ಲ. ತೊಂದರೆ ಇರುವುದು ವಿರಾಮದ ಗುಂಡಿಯಲ್ಲಿ. ತಕರಾರು ಎದ್ದಾಗ, ಸ್ಪರ್ಧೆಯ ನಿರ್ದೇಶಕರನ್ನು ಕರೆಯಬೇಕಾದಾಗ, ಒಂದು ಆಟ ಮುಗಿದು ಕಾಯಿಗಳನ್ನು ಮತ್ತೆ ಜೋಡಿಸುವಾಗ ಗಡಿಯಾರವನ್ನು ನಿಲ್ಲಿಸಲೇಬೇಕು. ಆ ಗುಂಡಿ ಕಡಲೆಯಷ್ಟು ಚಿಕ್ಕದು, ಗಡಿಯಾರದ ಹಿಂಬದಿಯಲ್ಲಿದೆ, ಮತ್ತು ಅದರ ಪಕ್ಕದಲ್ಲೇ ಎಲ್ಲವನ್ನೂ ಅಳಿಸಿ ಹೊಸದಾಗಿ ಶುರುಮಾಡುವ ಗುಂಡಿಯೂ ಇದೆ. ನಮ್ಮ ಅಭ್ಯಾಸದಲ್ಲಿ ಒಮ್ಮೆ ನಿಲ್ಲಿಸಲು ಹೋಗಿ ಇಬ್ಬರ ಮೀಸಲು ಸಮಯವೂ ಅಳಿಸಿಹೋಯಿತು. ಗೆಳೆಯರ ನಡುವೆ ನಡೆದದ್ದರಿಂದ ಅಂದಾಜಿನ ಮೇಲೆ ಸರಿಪಡಿಸಿಕೊಂಡೆವು. ಸಮಯ ಮೀರಿದವರು ಪಂದ್ಯವನ್ನೇ ಕಳೆದುಕೊಳ್ಳಬಹುದಾದ ಸ್ಪರ್ಧೆಯಲ್ಲಿ ಅಂದಾಜಿಗೆ ಜಾಗವಿಲ್ಲ. ತಕರಾರನ್ನು ಶಾಂತವಾಗಿ ಬಗೆಹರಿಸಲೆಂದೇ ಇರುವ ಗುಂಡಿ ಹೊಸ ತಕರಾರನ್ನು ಹುಟ್ಟಿಸುವಂತಿರಬಾರದು. ಇದು ವಿನ್ಯಾಸದ ತಪ್ಪು, ಸರಿಯಾಗಲೇಬೇಕು.

ಡಬ್ಲಿಂಗ್ ಕ್ಯೂಬ್ 1920ರ ದಶಕದಲ್ಲಿ ನ್ಯೂಯಾರ್ಕಿನ ಆಟಗಾರರಿಂದ ಈ ಹಳೆಯ ಆಟಕ್ಕೆ ಬಂದು ಸೇರಿತು. ಅದರ ಮೇಲೆ 2, 4, 8, 16, 32, 64 ಎಂಬ ಅಂಕಿಗಳಿರುತ್ತವೆ. ಪಣವನ್ನು ಇಮ್ಮಡಿಗೊಳಿಸುವ ಹಕ್ಕು ಯಾರ ಬಳಿ ಇದೆ ಎಂಬುದನ್ನು ಕ್ಯೂಬ್ ಇರುವ ಜಾಗವೇ ಹೇಳಬೇಕು: ಮಧ್ಯದಲ್ಲಿದ್ದರೆ ಇಬ್ಬರಿಗೂ, ಒಬ್ಬರ ಬದಿಯಲ್ಲಿದ್ದರೆ ಅವರಿಗೆ ಮಾತ್ರ. ಈ ಸೆಟ್ಟಿನ ಕ್ಯೂಬ್ ದೊಡ್ಡದಾಗಿದೆ, ಅಂಕಿಗಳು ಆಳವಾಗಿ ಕೆತ್ತಲ್ಪಟ್ಟಿವೆ, ಮಣೆಯಂಚಿನಲ್ಲಿ ಅದನ್ನು ಇಡಲು ಮೂರು ಗುಳಿಗಳಿವೆ. ಗುಳಿಗಳಿಗೆ ಬೆಲೆ ಇದೆ, ಏಕೆಂದರೆ ಸಪಾಟಾದ ಅಂಚಿನ ಮೇಲೆ ಇಟ್ಟ ಕ್ಯೂಬ್ ಮೊಣಕೈ ತಗುಲಿ ಜರುಗಿದರೆ ಅದು ಯಾರ ಒಡೆತನದ್ದು ಎಂಬುದೇ ವಿವಾದವಾಗುತ್ತದೆ.

ಕ್ಯೂಬಿನ ಶಿಷ್ಟಾಚಾರ ಸರಳ. ತನ್ನ ಸರದಿ ಬಂದಾಗ, ದಾಳ ಹಾಕುವ ಮೊದಲು, ಹೊಸ ಅಂಕಿ ಮೇಲಿರುವಂತೆ ತಿರುಗಿಸಿ ಮಣೆಯ ಮೇಲೆ ಎದುರಾಳಿಯ ಕಡೆಗೆ ಇಟ್ಟು, ಬಾಯಿಬಿಟ್ಟು ಡಬಲ್ ಎನ್ನಬೇಕು. ಒಪ್ಪುವವರು ಕ್ಯೂಬನ್ನು ತಮ್ಮ ಬದಿಗೆ ತೆಗೆದುಕೊಳ್ಳಬೇಕು. ಒಪ್ಪದವರು ಸ್ಪಷ್ಟವಾಗಿ ಬಿಟ್ಟೆ ಎನ್ನಬೇಕು. ಅರ್ಧಕ್ಕೆ ಕೈ ಚಾಚಿ ಎದುರಾಳಿಯ ಮುಖ ನೋಡಿ ಹಿಂದಕ್ಕೆ ಎಳೆದುಕೊಳ್ಳುವುದು ನನ್ನ ಮಟ್ಟಿಗೆ ಅತ್ಯಂತ ಅಸಹ್ಯವಾದ ನಡವಳಿಕೆ. ಬಹುಮಂದಿ ಅದನ್ನು ಚಾಣಾಕ್ಷತನವೆಂದು ಭಾವಿಸುತ್ತಾರೆ. ಮಣೆಯ ಮೇಲಿನ ಸ್ಥಿತಿಯನ್ನು ಓದಿ ತೀರ್ಮಾನಿಸಬೇಕಾದದ್ದನ್ನು ಎದುರಿನವರ ಹುಬ್ಬಿನಿಂದ ಕದಿಯುವುದರಲ್ಲಿ ನನಗೆ ಯಾವ ಚಾಣಾಕ್ಷತನವೂ ಕಾಣುವುದಿಲ್ಲ. ಆಟಗಾರ ಜಾನ್ ಕ್ರಾಫರ್ಡ್ ಅವರ ಹೆಸರಿನಿಂದ ಕರೆಯಲಾಗುವ ನಿಯಮದ ಪ್ರಕಾರ, ಒಬ್ಬರು ಗೆಲುವಿಗೆ ಒಂದೇ ಪಾಯಿಂಟ್ ದೂರಕ್ಕೆ ಬಂದ ಕೂಡಲೇ ಮುಂದಿನ ಒಂದು ಆಟದಲ್ಲಿ ಕ್ಯೂಬ್ ಬಳಸುವಂತಿಲ್ಲ. ಆ ಆಟದಲ್ಲಿ ಕ್ಯೂಬನ್ನು ಮಣೆಯಿಂದಲೇ ತೆಗೆದಿಡುವುದು ಒಳ್ಳೆಯ ಪದ್ಧತಿ, ಮತ್ತು ಈ ಪೆಟ್ಟಿಗೆಯಲ್ಲಿ ಅದಕ್ಕೊಂದು ಪ್ರತ್ಯೇಕ ಗೂಡು ಇರುವುದು ನನಗೆ ಇಷ್ಟವಾಯಿತು.

ಸೆಟ್ಟಿನ ಅತ್ಯಂತ ದುರ್ಬಲ ಭಾಗ ನಿಯಮ ಪುಸ್ತಿಕೆ. ಆರಂಭದ ಜೋಡಣೆ ಸರಿಯಾಗಿದೆ: 24ನೇ ಮನೆಯಲ್ಲಿ ಎರಡು, 13ರಲ್ಲಿ ಐದು, 8ರಲ್ಲಿ ಮೂರು, 6ರಲ್ಲಿ ಐದು ಕಾಯಿಗಳು. ಮುಂದೆ ಓದಿದರೆ ನಿರಾಸೆ ಕಾದಿದೆ. ಎರಡು ದಾಳಗಳಲ್ಲಿ ಒಂದನ್ನು ಮಾತ್ರ ಆಡಲು ಸಾಧ್ಯವಿದ್ದರೆ ಯಾವುದನ್ನು ಆಡಬೇಕೆಂಬುದು ಆಟಗಾರನ ಇಷ್ಟ ಎಂದು ಅದರಲ್ಲಿ ಬರೆದಿದೆ. ಇದು ತಪ್ಪು. ಎರಡೂ ದಾಳಗಳನ್ನು ಆಡಲು ಯಾವುದಾದರೂ ದಾರಿ ಇದ್ದರೆ ಎರಡನ್ನೂ ಆಡಲೇಬೇಕು. ಎರಡರಲ್ಲಿ ಯಾವುದಾದರೊಂದನ್ನು ಮಾತ್ರ ಆಡಲು ಸಾಧ್ಯವಿದ್ದರೆ ದೊಡ್ಡದನ್ನೇ ಆಡಬೇಕು.

ಒಂದು ಸ್ಥಿತಿಯನ್ನು ಜೋಡಿಸಿ ನೋಡಿ. ನಿಮ್ಮ ಹದಿನಾಲ್ಕು ಕಾಯಿಗಳು 1ರಿಂದ 5ರವರೆಗಿನ ಮನೆಗಳಲ್ಲಿವೆ, ಒಂದು ಮಾತ್ರ ಇನ್ನೂ 24ನೇ ಮನೆಯಲ್ಲಿ ಹಿಂದುಳಿದಿದೆ, 13ನೇ ಮನೆಯನ್ನು ಎದುರಾಳಿ ಎರಡು ಕಾಯಿಗಳಿಂದ ಹಿಡಿದಿದ್ದಾರೆ, 18 ಮತ್ತು 19 ಖಾಲಿ ಇವೆ. ನಿಮಗೆ 6-5 ಬಿತ್ತು. ಹಿಂದಿನ ಕಾಯಿ ಹೊರಗಿರುವ ತನಕ ಉಳಿದವನ್ನು ಹಣ್ಣು ಮಾಡುವಂತಿಲ್ಲ, ಅವುಗಳಿಗೆ ಆರನ್ನಾಗಲಿ ಐದನ್ನಾಗಲಿ ನಡೆಸಲು ಮಣೆಯಲ್ಲಿ ಜಾಗವೂ ಇಲ್ಲ. ಹಿಂದಿನ ಕಾಯಿ ಆರು ಆಡಿ 18ಕ್ಕೆ ಬರಬಹುದು ಅಥವಾ ಐದು ಆಡಿ 19ಕ್ಕೆ ಬರಬಹುದು. ಯಾವುದನ್ನು ಮೊದಲು ಆಡಿದರೂ ಎರಡನೆಯದು 13ಕ್ಕೆ ಹೋಗಬೇಕಾಗುತ್ತದೆ, ಅಲ್ಲಿ ದಾರಿ ಮುಚ್ಚಿದೆ. ಪುಸ್ತಿಕೆಯ ಪ್ರಕಾರ 19ರಲ್ಲಿ ನಿಲ್ಲುವುದು ನಿಮ್ಮ ಇಷ್ಟ. ನಿಯಮದ ಪ್ರಕಾರ 18ಕ್ಕೇ ಬರಬೇಕು, ಅಲ್ಲಿ ಹೊಡೆತ ಬೀಳುವ ಸಂಭವ ಎಷ್ಟೇ ಹೆಚ್ಚಿದ್ದರೂ ಸರಿ. ಪಂದ್ಯವೊಂದರ ಫಲಿತಾಂಶ ಇಂಥ ಒಂದು ನಡೆಯ ಮೇಲೆ ನಿಂತಿರಬಹುದು. ಹೊಸದಾಗಿ ಕಲಿಯುವವರು ಈ ಪುಸ್ತಿಕೆಯನ್ನು ನಂಬಿ ಸ್ಪರ್ಧೆಗೆ ಹೋಗಿ, ತಪ್ಪು ನಡೆ ಆಡಿ, ಎದುರಾಳಿ ಆಕ್ಷೇಪಿಸಿದಾಗ ತಮಗೆ ಅನ್ಯಾಯವಾಯಿತೆಂದು ನೊಂದುಕೊಳ್ಳುವಂತಾದರೆ, ಅದರ ಹೊಣೆ ಪುಸ್ತಿಕೆಯದು.

ನಿಯಮಬಾಹಿರ ನಡೆ ನಡೆದುಹೋದಾಗ ಏನು ಮಾಡಬೇಕು ಎಂಬ ಬಗ್ಗೆಯೂ ಅದು ಮೌನವಾಗಿದೆ. ಈ ವಿಷಯದಲ್ಲಿ ಎರಡು ಸಂಪ್ರದಾಯಗಳಿವೆ. ಹಳೆಯದರ ಪ್ರಕಾರ ತಪ್ಪು ನಡೆಯನ್ನು ಸರಿಪಡಿಸುವಂತೆ ಕೇಳುವುದು ಅಥವಾ ತನಗೆ ಅನುಕೂಲವಿದ್ದರೆ ಹಾಗೆಯೇ ಉಳಿಸಿಕೊಳ್ಳುವುದು ಎದುರಾಳಿಯ ಆಯ್ಕೆ. ತಾನು ಮುಂದಿನ ದಾಳ ಹಾಕಿದ ಮೇಲೆ ಆ ನಡೆ ಖಾಯಂ. ಇನ್ನೊಂದರ ಪ್ರಕಾರ ತಪ್ಪು ಯಾರ ಕಣ್ಣಿಗೆ ಬಿದ್ದರೂ ಹೇಳಲೇಬೇಕು, ಮುಂದಿನ ದಾಳ ಬೀಳುವ ಮೊದಲು ಸರಿಪಡಿಸಲೇಬೇಕು. ನಾನು ಎರಡನೆಯದರ ಪರ. ಎದುರಾಳಿ ಕಣ್ತಪ್ಪಿನಿಂದ ಕಾಯಿಯನ್ನು ಒಂದು ಮನೆ ಕಡಿಮೆ ನಡೆಸಿದ್ದನ್ನು ಕಂಡೂ ಸುಮ್ಮನಿದ್ದು ಲಾಭ ಪಡೆದರೆ, ಗೆದ್ದದ್ದು ಆಟದ ಬಲದಿಂದಲ್ಲ. ಆದರೆ ಯಾವ ಸಂಪ್ರದಾಯ ಜಾರಿಯಲ್ಲಿದೆ ಎಂಬುದನ್ನು ಸ್ಪರ್ಧೆಯ ನಿಯಮಾವಳಿ ಓದಿ ಮೊದಲೇ ತಿಳಿದಿರುವುದು ಆಟಗಾರರ ಕರ್ತವ್ಯ. ಹಳೆಯ ಸಂಪ್ರದಾಯದ ಸ್ಪರ್ಧೆಯಲ್ಲಿ ಸುಮ್ಮನಿದ್ದವರನ್ನು ಮೋಸಗಾರರೆನ್ನುವುದೂ ನ್ಯಾಯವಲ್ಲ. ಎರಡು ಸಂಪ್ರದಾಯಗಳಲ್ಲೂ ಒಂದು ಮಾತು ಸಮಾನ: ಬೇಕೆಂದೇ ತಪ್ಪು ನಡೆಸುವುದಕ್ಕೆ ಎಲ್ಲಿಯೂ ಜಾಗವಿಲ್ಲ. ನೋಡುತ್ತ ನಿಂತವರು ಬಾಯಿ ತೆರೆಯಬಾರದು, ಮುಖಭಾವದಿಂದಲೂ ಸುಳಿವು ಕೊಡಬಾರದು ಎಂಬುದನ್ನು ಪುಸ್ತಿಕೆಯಲ್ಲಿ ಒಂದು ಸಾಲಿನಲ್ಲಿ ಸೇರಿಸಬಹುದಿತ್ತು. ಸ್ಕೋರನ್ನು ಇಬ್ಬರೂ ಬರೆದುಕೊಂಡು ಪ್ರತಿ ಆಟದ ಮೊದಲು ತಾಳೆ ನೋಡಬೇಕೆಂಬುದನ್ನೂ ಅಷ್ಟೇ.

ಈಗ ಕೊಳ್ಳುವವರಿಗೆ ನನ್ನ ಸಲಹೆ. ಗಡಿಯಾರವಿಲ್ಲದೆ ಆಡುವವರಾದರೆ ಮಣೆ, ದಾಳ, ಕಪ್‌ಗಳು ಮತ್ತು ಕ್ಯೂಬ್ ಮಾತ್ರ ಇರುವ ಚಿಕ್ಕ ಸೆಟ್ಟನ್ನು ನಿಶ್ಚಿಂತೆಯಿಂದ ಕೊಳ್ಳಬಹುದು, ಸಾಧ್ಯವಾದರೆ ಮನೆಗಳ ಬಣ್ಣ ಎದ್ದು ಕಾಣುವ ಇನ್ನೊಂದು ಮಾದರಿಯನ್ನು ಆರಿಸಿಕೊಳ್ಳಿ. ಬ್ಯಾಫಲ್ ಬಾಕ್ಸನ್ನು ಬಿಡಿಯಾಗಿ ಮಾರುವುದಾದರೆ, ಬೇರೆ ಮಣೆ ಇರುವವರೂ ಅದನ್ನು ತರಿಸಿಕೊಳ್ಳುವುದು ಒಳ್ಳೆಯದು. ಗಡಿಯಾರವನ್ನು ಈ ರೂಪದಲ್ಲಿ ನಾನು ಶಿಫಾರಸು ಮಾಡುವುದಿಲ್ಲ. ವಿಳಂಬ ಸಮಯದ ಸೌಲಭ್ಯವಿರುವ, ವಿರಾಮದ ಗುಂಡಿ ಮುಂಭಾಗದಲ್ಲಿ ದೊಡ್ಡದಾಗಿರುವ ಚೆಸ್ ಗಡಿಯಾರವನ್ನು ಪ್ರತ್ಯೇಕವಾಗಿ ಕೊಳ್ಳುವುದು ಮೇಲು. ಪುಸ್ತಿಕೆಯ ಬದಲು, ನೀವು ಆಡಲಿರುವ ಸ್ಪರ್ಧೆಯ ನಿಯಮಾವಳಿಯನ್ನು ಮುದ್ರಿಸಿಕೊಂಡು ಪೆಟ್ಟಿಗೆಯ ಮುಚ್ಚಳದೊಳಗೆ ಇಟ್ಟುಕೊಳ್ಳಿ. ತಯಾರಕರಿಗೆ ದೊಡ್ಡ ದಾಳದ ನಿಯಮದ ತಪ್ಪನ್ನೂ ವಿರಾಮದ ಗುಂಡಿಯ ತೊಂದರೆಯನ್ನೂ ಬರೆದು ತಿಳಿಸಿದ್ದೇನೆ. ಮುಂದಿನ ಆವೃತ್ತಿಯಲ್ಲಿ ಇವೆರಡೂ ಸರಿಯಾಗಿದ್ದರೆ ಪೂರ್ಣ ಸೆಟ್ಟನ್ನೇ ಕೊಳ್ಳಿ ಎನ್ನಲು ನನಗೆ ಯಾವ ಅಳುಕೂ ಇರುವುದಿಲ್ಲ.